ಸೋಮವಾರ ಹಾಕಿಸಿದ ಟಾಯರುಗಳು

ಮಗಳ ಸೈಕಲ್ಲಿಗೆ ಹೊಸ ಟಾಯರ್ ತರಿಸಿದ್ದೆವು. ಮೊನ್ನೆ ಮಧ್ಯಾಹ್ನ ಪಾರ್ಸೆಲ್ ಬಂತು. ಪಡಸಾಲೆಯಲ್ಲಿ ಕೂತು ಕತ್ತರಿಯಿಂದ ಪ್ಲಾಸ್ಟಿಕ್ ಸೀಳಿದ್ದೇ ತಡ, ಆ ವಾಸನೆ ಎದ್ದಿತು. ಹೊಸ ರಬ್ಬರಿನದು. ಸ್ವಲ್ಪ ಸೀಮೆಎಣ್ಣೆಯ ಹಾಗೆ, ಸ್ವಲ್ಪ ಬಿಸಿಲಿಗೆ ಬಿಟ್ಟ ಚಪ್ಪಲಿಯ ಹಾಗೆ. ಟಾಯರಿನ ಮೈತುಂಬ ಕೂದಲೆಳೆಯಂಥ ಸಣ್ಣ ರಬ್ಬರ್ ಎಳೆಗಳು ನಿಂತಿದ್ದವು. ಹೊಸದರಲ್ಲಷ್ಟೇ ಇರುತ್ತವೆ ಅವು. ನಾಲ್ಕು ದಿನ ಓಡಿದರೆ ಸವೆದು ಹೋಗುತ್ತವೆ. ಇದನ್ನು ನನಗೆ ತೋರಿಸಿಕೊಟ್ಟವನು ನನ್ನ ಮೈದುನ. ನಾನು ಕತ್ತರಿ ಕೆಳಗಿಟ್ಟು, ಟಾಯರ್ ಹಿಡಿದುಕೊಂಡು ಕೂತೆ...

ಸೊಲ್ಲಾಪುರದ ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯಾಗಿ ಜತ್ತದ ಈ ಮನೆಗೆ ಬಂದಾಗ ನನ್ನ ಇಂಗ್ಲಿಷಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಔಷಧದ ಬಾಟಲಿಯ ಮೇಲಿನ ಅಕ್ಷರ ಓದಿದರೆ ಮುಗಿಯಿತು. ಅದಕ್ಕೊಂದು ಉಪಯೋಗ ಹುಡುಕಿದವನು ಮೈದುನನೇ. ಫೋನ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. "ವೈನಿ, ನಿಮ್ಮ ಕಾನ್ವೆಂಟ್ ಒಂದೀಟ ಕಡಾ ಕೊಡ್ರಿ," ಅನ್ನುತ್ತಿದ್ದ. ಅವನು ಓದಿಸುತ್ತಿದ್ದದ್ದೆಲ್ಲ ಮೋಟರ್‌ಸೈಕಲ್ಲುಗಳ ಬಗ್ಗೆ.

ಆಗ ಅವನು ದನದ ಡಾಕ್ಟರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಸಂಖ, ಸೊರಡಿ ಕಡೆಯ ಕುರಿ ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಇಂಜೆಕ್ಷನ್ ಕೊಟ್ಟು ಬರುವುದು. ಕುರಿಗಾರರು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಹೊಲದ ಬದು, ಹಳ್ಳದ ಮರಳು, ಗರಸಿನ ದಾರಿ, ಎಲ್ಲ ಕಡೆ ಹೋಗಬೇಕು. ಅದಕ್ಕೆಂದೇ ಆ ಗಾಡಿ ಕೊಂಡಿದ್ದ. ಡಾಂಬರಿಗೂ ಸೈ, ಕಚ್ಚಾ ದಾರಿಗೂ ಸೈ ಅನ್ನುವಂಥ ಗಾಡಿ. ಎಂಜಿನ್ನು ಸಣ್ಣದು, ಮೈ ತೆಳ್ಳಗೆ, ಸೀಟು ಮಾತ್ರ ಸೊಂಟದೆತ್ತರ. ಚಕ್ರಗಳಿಗೆ ದಪ್ಪ ದಪ್ಪ ರಬ್ಬರ್ ಗಂಟುಗಳ ಟಾಯರು. ಬಟನ್ ಟಾಯರ್ ಎನ್ನುತ್ತಿದ್ದರು.

ಗಾಡಿ ಅಂಗಳಕ್ಕೆ ಬಂದ ದಿನ ನನ್ನ ಮಾವನವರು ಅದರ ಸುತ್ತ ಒಂದು ಸುತ್ತು ಬಂದರು. "ಇದೇನ ಗಾಡಿಯೋ, ಒಂಟಿಯೋ? ಹತ್ತಾಕ ನಿಚ್ಚಣಿಕಿ ತರಬೇಕಲ್ಲೋ," ಅಂದರು. ಅವತ್ತಿನಿಂದ ಅದಕ್ಕೆ ಒಂಟೆ ಎಂದೇ ಹೆಸರು.

ಹೆಸರು ಒಂಟೆಯದಾದರೂ ಅದಕ್ಕೆ ಸಿಕ್ಕ ಜಾಗ ಎತ್ತಿನದು. ಮೊಣಕಾಲು ನೋವೆಂದು ಮಾವನವರು ಅದಕ್ಕೂ ಮುಂಚೆ ಹೊಲವನ್ನು ಪಾಲಿಗೆ ಕೊಟ್ಟು ಎತ್ತು ಸಾಕುವುದನ್ನು ಬಿಟ್ಟಿದ್ದರು. ಕೊಟ್ಟಿಗೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ ಗೋದಲಿಯ ಮುಂದೆ ಗಾಡಿ ನಿಲ್ಲಿಸಿ, ಪೆಟ್ರೋಲ್ ಟಾಕಿಗೆ ಮೂರೆಳೆ ವಿಭೂತಿ ಹಚ್ಚಿದರು. ಎತ್ತಿಗಿದ್ದ ಕಟ್ಟಳೆಯೂ ಅದಕ್ಕೆ ಬಂತು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹಾಗಾಗಿ ಸೋಮವಾರ ಗಾಡಿಯೂ ಕೊಟ್ಟಿಗೆ ಬಿಡುವಂತಿರಲಿಲ್ಲ. ಮೈದುನ ಬಸ್ಸಿಗೋ, ಯಾರದೋ ಗಾಡಿಯ ಹಿಂದೆ ಕೂತೋ ಕೆಲಸಕ್ಕೆ ಹೋಗುತ್ತಿದ್ದ.

"ಅಪ್ಪಾ, ಹೆಸರ ಒಂಟಿ ಅಂತ ಇಡ್ತಿ, ಸೂಟಿ ಎತ್ತಿಂದ ಕೊಡ್ತಿ. ಇದು ಯಾವ ಪೈಕಿ ಅಂತ ಒಮ್ಮೆ ಹೇಳಿಬಿಡು."

"ದುಡಿಯೂ ಜೀವಕ್ಕ ಒಂದ ದಿವಸ ಬೇಕಪಾ. ಅದು ಬಾಯಿ ಬಿಟ್ಟ ಕೇಳೂದಿಲ್ಲ, ನಾವ ತಿಳಕೋಬೇಕು," ಎನ್ನುತ್ತಿದ್ದರು ಮಾವನವರು.

ನಮಗೆಲ್ಲ ಅದು ಒಂದು ತಮಾಷೆ. ಒಳಗೊಳಗೆ ಪ್ರೀತಿಯೂ ಇತ್ತು. ಸೋಮವಾರ ಬೆಳಿಗ್ಗೆ ಮಾವನವರು ಪೂಜೆ ಮುಗಿಸಿ, ಒದ್ದೆ ಬಟ್ಟೆಯಿಂದ ಆ ಗಾಡಿಯ ಧೂಳು ಒರೆಸುತ್ತಿದ್ದರು. ಎತ್ತಿನ ಮೈ ತಿಕ್ಕುವ ಹಾಗೆ, ಮೇಲಿನಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ...

ಮುಂದೆ ಮೈದುನನಿಗೆ ಸಾಂಗ್ಲಿಯಲ್ಲಿ ಕೆಲಸ ಸಿಕ್ಕಿತು. ರಕ್ತ ಪರೀಕ್ಷೆಯ ಲ್ಯಾಬಿನದು. ಊರೊಳಗಿನ ದವಾಖಾನೆಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಲ್ಯಾಬಿಗೆ ಮುಟ್ಟಿಸುವುದು. ದಿನವಿಡೀ ಸಿಟಿಯಲ್ಲಿ ತಿರುಗಾಟ. ವಾರದ ಕೊನೆಗೆ ಊರಿಗೆ ಬರುತ್ತಿದ್ದ. ಲ್ಯಾಬಿನವರು ಭಾನುವಾರ ಅರ್ಧ ದಿನ ದುಡಿಸಿಕೊಂಡು ಸೋಮವಾರ ರಜೆ ಕೊಡುತ್ತಿದ್ದರು. "ನೋಡ್ರಿ ವೈನಿ, ಗಾಡಿಗೂ ನನಗೂ ಒಂದ ದಿನ ಸೂಟಿ ಬಂತು," ಎಂದು ನಕ್ಕಿದ್ದ.

ಸಿಟಿಗೆ ಹೋದವನಿಗೆ ಆ ಗಾಡಿ ಯಾಕೆ ಅಂತ ಎಲ್ಲರೂ ಅಂದರು. ಅವನ ಅಣ್ಣ, ನಮ್ಮವರಂತೂ, ಮಾರಿ ಸ್ಕೂಟಿ ತಗೋ ಎಂದು ಬೆನ್ನು ಹತ್ತಿದರು. ಅವನು ಒಪ್ಪಲಿಲ್ಲ. ರಜೆಯ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟ. ಎದುರಿಗೆ ಮಣೆ ಹಾಕಿಕೊಂಡು ಕೂತ. ನನ್ನ ಕೈ ಹಿಟ್ಟಾಗಿತ್ತು. ಅವನು ಬೆರಳಿನಿಂದ ಪುಟ ಸರಿಸುವುದು, ನಾನು ಓದಿ ಕನ್ನಡದಲ್ಲಿ ಹೇಳುವುದು. ಯಾವುದೋ ದೇಶದವನೊಬ್ಬ ಬರೆದದ್ದು. ಇಂಥ ಸಣ್ಣ ಗಾಡಿ ಸಿಟಿಗೆ ಒಳ್ಳೆಯದೇ, ಹಗುರ, ಗಲ್ಲಿಯಲ್ಲಿ ಸಲೀಸಾಗಿ ಹೊರಳುತ್ತದೆ, ಎತ್ತರದಲ್ಲಿ ಕೂತರೆ ಮುಂದಿನ ಕಾರಿನ ಆಚೆಗೂ ಕಾಣುತ್ತದೆ, ತಗ್ಗು ಬಂದರೆ ಸೊಂಟಕ್ಕೆ ಪೆಟ್ಟಿಲ್ಲ...

"ಕೇಳಿದಿರೇನ್ ವೈನಿ? ಅಣ್ಣಗ ಸ್ವಲ್ಪ ಗಟ್ಟಿಯಾಗಿ ಓದಿ ಹೇಳ್ರಿ."

"ಮುಂದಿಂದೂ ಕೇಳು. ಬಟನ್ ಟಾಯರ್ ಮಾತ್ರ ಸಿಟಿಗೆ ಬ್ಯಾಡ ಅಂತ ಬರದಾನ. ಮಳಿಗೆ ನೆನೆದ ಡಾಂಬರಿನ ಮ್ಯಾಲ ಹಿಡಿತ ಇರೂದಿಲ್ಲಂತ."

ಅವನು ಮಣೆ ಸಮೇತ ಹತ್ತಿರ ಸರಿದ. ನಾನು ಬಡಿದಿಟ್ಟಿದ್ದ ರೊಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಬೆರಳ ತುದಿಯಿಂದ ಕುಳಿ ಕುಳಿ ಒತ್ತಿದ. "ಇದು ಈಗಿನ ಟಾಯರ್. ಮಣ್ಣೊಳಗ ಉಗುರ ಊರಿದಂಗ ಹಿಡಿತದ. ಡಾಂಬರ್ ಮ್ಯಾಲ ಬರೇ ಈ ಗಂಟಿನ ತಲಿ ಅಷ್ಟ ತಾಗತಾವ." ಇನ್ನೊಂದು ರೊಟ್ಟಿಯ ಮೇಲೆ ಚಮಚೆಯ ಹಿಡಿಯಿಂದ ಓರೆಯಾಗಿ ಗೀರು ಎಳೆದ. "ಇಂಥಾದ್ದ ಬೇಕ ನನಗ. ಮೈ ತುಂಬ ನೆಲಕ್ಕ ಕುಂದ್ರಬೇಕು, ಈ ಗೀರಿನಾಗಿಂದ ನೀರ ಹೊರಗ ಹೋಗಬೇಕು."

ಎರಡೂ ರೊಟ್ಟಿಯನ್ನು ಹಾಗೆಯೇ ಬೇಯಿಸಿದೆ. ಊಟಕ್ಕೆ ಕೂತ ಮಾವನವರು ತಟ್ಟೆ ನೋಡಿ, "ಯವ್ವಾ, ಇವತ್ತ ರೊಟ್ಟಿ ಮ್ಯಾಲ ಯಾವ ಹುಳ ಹರದೈತಿ?" ಅಂದರು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು. ನೀರು ತಂದುಕೊಟ್ಟವನೂ ಅವನೇ...

ಆ ಗಾಡಿಯ ಚಕ್ರದ ಅಳತೆಗೆ ಡಾಂಬರಿನ ಟಾಯರು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಾಂಗ್ಲಿಯಲ್ಲೂ ಹುಡುಕಿ ಬೇಸತ್ತಿದ್ದ. ಮತ್ತೆರಡು ವಾರ ನನ್ನ ಕಾನ್ವೆಂಟ್ ಕಡ ತೆಗೆದುಕೊಂಡ ಮೇಲೆ ಒಂದು ಜೋಡಿ ಆರಿಸಿ, ಫೋನಿನಲ್ಲೇ ತರಿಸಿಕೊಂಡ. ಅವನ ಬಾಡಿಗೆ ಕೋಣೆಯಲ್ಲಿ ಹಗಲು ಯಾರೂ ಇರದಿದ್ದರಿಂದ ಮನೆಯ ವಿಳಾಸ ಕೊಟ್ಟಿದ್ದ. ಟಾಯರು ಶನಿವಾರ ಬಂದವು. ಭಾನುವಾರ ಕತ್ತಲಾಗುವ ಹೊತ್ತಿಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಅವನ್ನು ಬಿಚ್ಚಿದ. ಮನೆ ತುಂಬ ಇದೇ ವಾಸನೆ. ನನ್ನ ಕೈ ಹಿಡಿದು ಟಾಯರಿನ ಮೇಲಿಟ್ಟು, "ಮುಟ್ಟಿ ನೋಡ್ರಿ, ಕೂಸಿನ ತಲಿಗತೆ ಕೂದಲ ಅದಾವ," ಅಂದ.

ಬೆಳಗಾದರೆ ಸೋಮವಾರ. ಟಾಯರಿನ ಅಂಗಡಿ ನಮ್ಮ ಓಣಿಯ ತುದಿಯಲ್ಲೇ ಇದೆ. ಅವನಿಗೆ ರಜೆ, ಅಂಗಡಿಯೂ ತೆರೆದಿತ್ತು. ಗಾಡಿಯನ್ನು ಕೊಟ್ಟಿಗೆಯಿಂದ ತಳ್ಳಿಕೊಂಡು ಹೊರಟ. ಏರಿ ಕೂರುವುದಿಲ್ಲವಲ್ಲ, ತಳ್ಳಿಕೊಂಡು ಹೋದರೆ ಏನು ಎಂದು ಅವನ ಲೆಕ್ಕ. ಮಾವನವರು ಬಾಗಿಲಿಗೆ ಬಂದರು.

"ಇವತ್ತ ಬ್ಯಾಡೋ. ಸೋಮವಾರ ಅದರ ಮೈಮ್ಯಾಲ ಕಬ್ಬಣ ಹಚ್ಚತಿಯೇನು?"

"ಅಪ್ಪಾ, ಅಂಗಡಿ ಇಲ್ಲೇ ಐತಿ. ಲಗೂನ ಹೋಗಿ ಬರ್ತೀನಿ."

"ಎತ್ತಿಗೆ ಲಾಳ ಹೊಡಸೂದು ಸೋಮವಾರ ಮಾಡತಿದ್ದೆವೇನು? ಇಷ್ಟ ದಿನಾ ಓಡೈತಿ, ಇನ್ನೊಂದ ವಾರ ಓಡತದ. ಮುಂದಿನ ಸಲ ಒಂದ ದಿನ ಜಾಸ್ತಿ ರಜಾ ಹಾಕಿ ಬಾ, ಕಾಯಿ ಒಡದ ಹಾಕಸೂಣು."

ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಹೇಳಿದ ಹಾಗಿತ್ತು. ಮೈದುನ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಗಾಡಿಯನ್ನು ತಿರುಗಿ ಗೋದಲಿಯ ಮುಂದೆ ನಿಲ್ಲಿಸಿದ. ಅಪ್ಪನ ಮನಸ್ಸು ನೋಯಿಸುವಷ್ಟು ದೊಡ್ಡ ವಿಷಯ ಅದು ಎಂದು ಅವನಿಗೂ ಅನಿಸಲಿಲ್ಲ, ನಮಗ್ಯಾರಿಗೂ ಅನಿಸಲಿಲ್ಲ. ಮಂಗಳವಾರ ಅಂಗಡಿ ತೆರೆಯುವ ಮೊದಲೇ ಅವನು ಹೊರಡಬೇಕಿತ್ತು. ಹಿಂದೆ ಬಟ್ಟೆಯ ಚೀಲ, ನಾನು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಟಾಯರ್ ಕಟ್ಟಿಕೊಳ್ಳಲು ಜಾಗವಿರಲಿಲ್ಲ. ಸೀಟಿನ ಮೇಲೆ ಕಾಲು ಎತ್ತಿ ಹಾಕಿದ್ದು, ಹೆಲ್ಮೆಟ್ಟಿನ ಗಾಜು ಇಳಿಸಿದ್ದು, ಓಣಿಯ ತಿರುವಿನಲ್ಲಿ ಬಟನ್ ಟಾಯರಿನ ಆ ಗುಂಯ್ ಎನ್ನುವ ಸದ್ದು... ಅಷ್ಟೇ.

ಅಂದು ಸಾಂಗ್ಲಿಯಲ್ಲಿ ಅಕಾಲದ ಮಳೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದಿನಗಳು, ರಸ್ತೆಯ ಮೇಲೆ ಕೆಸರು, ಕಬ್ಬಿನ ಸೋಗೆ. ಸ್ಯಾಂಪಲ್ಲಿನ ಡಬ್ಬಿ ಹಿಡಿದು ಲ್ಯಾಬಿಗೆ ಹೊರಟಿದ್ದವನು ಒಂದು ತಿರುವಿನಲ್ಲಿ ಯಾರೋ ಅಡ್ಡ ಬಂದರೆಂದು ಬ್ರೇಕ್ ಹಾಕಿದನಂತೆ. ಗಾಡಿ ಕಾಲಡಿಯಿಂದ ಜಾರಿತು. ಅವನು ಹೋಗಿ ರಸ್ತೆ ನಡುವಿನ ಕಟ್ಟೆಗೆ ಬಡಿದ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಹೊಟ್ಟೆಯೊಳಗೆ ಪೆಟ್ಟಾಗಿತ್ತು.

ಮಿರಜದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಚ್ಚರ ಬಂದಾಗ ಮೊದಲು ಕೇಳಿದ್ದು, "ಡಬ್ಬಿ ಒಡದಿಲ್ಲ ಅಲ್ಲ ವೈನಿ? ಮಂದಿ ರಕ್ತ ಅದು." ಒಡೆದಿಲ್ಲ ಅಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಎರಡು ದಿನ ಚೇತರಿಸಿಕೊಂಡ ಹಾಗೆ ಕಂಡ. ಆಮೇಲೆ ಜ್ವರ ಹತ್ತಿತು. ಇಳಿಯಲೇ ಇಲ್ಲ. ಡಾಕ್ಟರು ಸೋಂಕು ಅಂದರು, ಔಷಧ ಬದಲಿಸಿದರು. ಅವನ ತುಟಿಯ ಮೇಲಿನ ಸಿಪ್ಪೆಯನ್ನು ಹತ್ತಿಯಿಂದ ಒರೆಸುತ್ತ ನಾನು ಶಾಲೆಯಲ್ಲಿ ಕಲಿತ ಪ್ರಾರ್ಥನೆಗಳನ್ನೂ, ಈ ಮನೆಗೆ ಬಂದ ಮೇಲೆ ಕಲಿತ ಮಂತ್ರವನ್ನೂ ಕಲಸಿ ಕಲಸಿ ಹೇಳಿಕೊಂಡೆ.

ಮತ್ತೆ ಸೋಮವಾರ ಬಂತು. ಹಿಂದಿನ ದಿನ ಊರಿಗೆ ಹೋಗಿದ್ದ ಮಾವನವರು ಮಧ್ಯಾಹ್ನದ ಬಸ್ಸಿಗೆ ಬಂದರು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ಅಂಗೈ ಎರಡೂ ಕಪ್ಪಗಾಗಿದ್ದವು, ಉಗುರಿನ ಸಂದಿಯಲ್ಲೂ ಕಪ್ಪು. ಹಾಸಿಗೆಯ ಪಕ್ಕ ನಿಂತು ಮಗನ ಕಾಲು ಮುಟ್ಟಿದರು.

"ತಮ್ಮಾ, ಟಾಯರ್ ಹಾಕಿಸೀನಿ ನೋಡು. ಎರಡೂ. ಮುಂಜಾನೆ ನಾನ ತಳ್ಳಿಕೊಂಡ ಹೋಗಿದ್ದೆ."

ಸಾಂಗ್ಲಿಯಿಂದ ಟೆಂಪೋದಲ್ಲಿ ತಂದಿಳಿಸಿದ್ದ ಗಾಡಿಯನ್ನು, ಹ್ಯಾಂಡಲ್ ಸೊಟ್ಟಗಾದದ್ದನ್ನು, ಆ ಮೊಣಕಾಲುಗಳ ಮೇಲೆ ಓಣಿಯುದ್ದ ತಳ್ಳಿದ್ದರು. ಮೈದುನ ಕಣ್ಣು ತೆರೆದ. ಬಹಳ ಹೊತ್ತು ಅಪ್ಪನ ಕೈಯನ್ನೇ ನೋಡಿದ.

"ಇವತ್ತ... ಸೋಮವಾರ ಅಲ್ಲೇನ ಅಪ್ಪಾ?"

ಮಾವನವರು ಆ ಕೈಗಳನ್ನು ಧೋತರಕ್ಕೆ ಒರೆಸಿಕೊಂಡರು.

"ಇರ್ಲಿ ಬಿಡಪ್ಪಾ," ಅಂದ ಅವನು. ತುಟಿಯ ತುದಿಯಲ್ಲಿ ಅದೇ ಕೀಟಲೆ. "ಒಂಟಿಗೆಲ್ಲಿ ಸೋಮವಾರ..."

ಅಪ್ಪನಿಗಾಗಿ ಆಡಿದ ಮಾತು ಅದು. ಬುಧವಾರ ಬೆಳಿಗ್ಗೆ ಹೋಗಿಬಿಟ್ಟ.

ಟಾಯರು ಬದಲಾಗಿದ್ದರೆ ಉಳಿಯುತ್ತಿದ್ದನೇ? ಆ ಕೆಸರಿನಲ್ಲಿ ಯಾವ ಟಾಯರೂ ಜಾರುತ್ತಿತ್ತು ಎಂದು ನಮ್ಮವರು ಒಮ್ಮೆ ತಂದೆಗೆ ಕೇಳಿಸುವ ಹಾಗೆ ಹೇಳಿದರು. ಅಂಗಡಿಯವನೂ ಹಾಗೇ ಅಂದ. ಮಾವನವರು ಕೇಳಿಸಿಕೊಂಡರು, ಎದ್ದು ಹೋದರು. ಈ ಮನೆಯಲ್ಲಿ ಯಾರೂ ಅವರನ್ನು ಒಂದು ಮಾತು ಅನ್ನಲಿಲ್ಲ. ಯಾರಾದರೂ ಅಂದಿದ್ದರೆ ಅವರಿಗೆ ಅಳುವುದಕ್ಕಾದರೂ ದಾರಿ ಸಿಗುತ್ತಿತ್ತೇನೋ ಎಂದು ನನಗೆ ಅನಿಸುತ್ತದೆ. ಸೋಮವಾರ ಗಾಡಿ ಒರೆಸುವುದನ್ನು ಬಿಟ್ಟರು. ಒಮ್ಮೆ ಶೇಗಾಂವದಿಂದ ಒಬ್ಬರು ಗಾಡಿ ಕೊಳ್ಳಲು ಬಂದರು. ಬಗ್ಗಿ ನೋಡಿ, "ಟಾಯರ್ ಹೊಸಾವ ಅದಾವಲ್ರಿ, ಕೂದಲ ಸೈತ ಹೋಗಿಲ್ಲ," ಎಂದು ಖುಷಿಪಟ್ಟರು. ಮಾವನವರು ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದರು. ಮಾರುವ ಮಾತು ಅಲ್ಲಿಗೇ ನಿಂತಿತು. ಅದಾದ ಮೇಲೆ ನನ್ನ ಇಂಗ್ಲಿಷನ್ನು ಯಾರೂ ಕಡ ಕೇಳಿಲ್ಲ...

ಮೊನ್ನೆ ನಾನು ಹಾಗೆ ಕೂತಿದ್ದಾಗಲೇ ಒಳಕೋಣೆಯಿಂದ ಮಾವನವರು ಎದ್ದು ಬಂದರು. ಈಗ ತೀರ ಸೊರಗಿದ್ದಾರೆ, ಗೋಡೆ ಹಿಡಿದೇ ನಡೆಯುತ್ತಾರೆ. ವಾಸನೆ ಒಳಗೆ ಅವರಿಗೂ ತಲುಪಿತ್ತು. ನನ್ನ ಕೈಯಲ್ಲಿದ್ದ ಸೈಕಲ್ ಟಾಯರನ್ನು ನೋಡಿದರು. ಅಂಗಳ ದಾಟಿ ಕೊಟ್ಟಿಗೆಯ ಕಡೆ ಹೋದರು. ಮಗಳು ಅವರ ಹಿಂದೆ ಓಡಿದಳು. ನಾನೂ ಹೋದೆ.

ಗೋದಲಿಯ ಮುಂದೆ ಗಾಡಿ ಹಾಗೇ ನಿಂತಿದೆ. ಸೊಟ್ಟ ಹ್ಯಾಂಡಲ್, ಸೀಟಿನ ಮೇಲೆ ಬೆರಳು ಮುಳುಗುವಷ್ಟು ಧೂಳು. ಒಂದು ದಿನವೂ ಓಡದ ಟಾಯರುಗಳು ಗಾಳಿ ಇಳಿದು ತಳದಲ್ಲಿ ಚಪ್ಪಟೆಯಾಗಿವೆ. ಮಾವನವರು ಮುಂದಿನ ಚಕ್ರದ ಮೇಲೆ ಅಂಗೈ ಇಟ್ಟರು.

ಮಗಳಿಗೆ ತನ್ನ ಕಾಕಾನ ನೆನಪಿಲ್ಲ. ಅವಳಾಗ ತೊಟ್ಟಿಲ ಕೂಸು. "ಅಜ್ಜಾ, ಕಾಕಾನ ಗಾಡಿ ಒಮ್ಮೆ ಚಾಲೂ ಮಾಡೂಣೇನು? ನಾ ಕಲೀತೀನಿ," ಅಂದಳು.

"ಇವತ್ತ ಬ್ಯಾಡ ಯವ್ವಾ," ಅಂದರು ಮಾವನವರು. "ಇವತ್ತ ಸೋಮವಾರ ಐತಿ."

ಅಂದು ಗುರುವಾರ. ಮಗಳು ತಿದ್ದಲು ಬಾಯಿ ತೆರೆದು ನನ್ನ ಮುಖ ನೋಡಿದಳು, ನಾನು ಬೇಡವೆಂದು ತಲೆಯಾಡಿಸಿದೆ. ಮಾವನವರ ಅಂಗೈ ಟಾಯರಿನ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು, ಮೇಲಿನಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ. ಕೈ ಸರಿದಲ್ಲೆಲ್ಲ ಆ ರಬ್ಬರಿನ ಎಳೆಗಳು ಬಾಗಿ ಬಾಗಿ, ಮತ್ತೆ ಎದ್ದು ನಿಲ್ಲುತ್ತಿದ್ದವು.