ಟರ್ಬೊ ಸೀಟಿ ಕೇಳದ ಮೇಸ್ತ್ರಿಗೆ ಮುಳ್ಳಿನ ಆಸರೆ

ಸಿಂಧನೂರಿನಿಂದ ಮಸ್ಕಿಯತ್ತ ಹೋಗುವ ರಸ್ತೆಯಲ್ಲಿ ಭತ್ತದ ಲಾರಿಗಳ ಸಾಲು ಇನ್ನೂ ಕದಲಿಲ್ಲ. ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಬಿಳಿ ಡೀಸೆಲ್ ಕಾರೊಂದು ಬಾನೆಟ್ ತೆರೆದು ನಿಂತಿದೆ, ಅದರೊಳಗೆ ಸೊಂಟದವರೆಗೆ ಇಳಿದುಹೋಗಿದ್ದಾರೆ ಮೇಸ್ತ್ರಿ ಗದ್ದೆಪ್ಪ. ಹೊರಗೆ ಕಾಣುವುದು ಎರಡು ಕಾಲು, ಒಂದು ಹವಾಯಿ ಚಪ್ಪಲಿ. ಇನ್ನೊಂದು ಎಲ್ಲಿ ಕಳಚಿತೋ ಅವರಿಗೇ ಗೊತ್ತಿಲ್ಲ, ಹುಡುಕುವ ಪುರಸೊತ್ತೂ ಇಲ್ಲ.

"ಗಾಡಿ ರಾತ್ರಿಯೆಲ್ಲಾ ನಿಂತು ತಣ್ಣಗ ಆಗಿರತೈತಲ್ರೀ, ಆವಾಗ ಕೈ ಹಾಕಬೇಕು. ಬಿಸಿ ಎಂಜಿನ್ನಿಗೆ ಕೈ ಹಾಕಿದ್ರ ಕೈಯಿನ ತೊಗಲು ಅಲ್ಲೇ ಉಳಿತೈತಿ," ಎಂದು ಪತ್ರಿಕೆಯವರಿಗೆ ಹೇಳುತ್ತಾ ತಲೆ ಹೊರಗೆ ತೆಗೆಯುತ್ತಾರೆ. ಐವತ್ತು ದಾಟಿದ ಮುಖ, ಹಣೆಯ ವಿಭೂತಿಯ ಮೇಲೆ ಆಯಿಲಿನ ಗೀಟು.

ಅವರು ಕೂರಿಸುತ್ತಿರುವುದು ಬೂಸ್ಟ್ ಗೇಜ್. ಇಲ್ಲಿಯವರ ಬಾಯಲ್ಲಿ ಅದು ಮುಳ್ಳಿನ ಮೀಟರ್. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಣ್ಣ ಪಂಖಾ. ಅದು ಎಷ್ಟು ಜೋರಾಗಿ ಒತ್ತುತ್ತಿದೆ ಎನ್ನುವುದನ್ನು ಈ ಮೀಟರಿನ ಮುಳ್ಳು ತೋರಿಸುತ್ತದೆ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಮೂರು ಬಾಯಿಯ ಪುಟ್ಟ ಜಾಯಿಂಟ್ ಸೇರಿಸಿ, ಅಲ್ಲಿಂದ ಬೆರಳಿಗಿಂತ ಸಣ್ಣ ರಬ್ಬರ್ ನಳಿಗೆಯನ್ನು, ವೈರು ಹಾಯುವ ತೂತಿನಲ್ಲೇ ತೂರಿಸಿ ಒಳಗೆ ತರುತ್ತಾರೆ. ಸ್ಟೇರಿಂಗಿನ ಪಕ್ಕದ ಕಂಬಕ್ಕೆ ದುಂಡನೆಯ ಮೀಟರ್. ಅದರ ದೀಪಕ್ಕೊಂದು ವೈರು. ನಳಿಗೆ ಎಲ್ಲಿಯೂ ಮಡಚಿಕೊಳ್ಳಬಾರದು, ಟರ್ಬೊದ ಬಿಸಿ ತಾಗಬಾರದು. "ಮಡಚ್ಕೊಂಡ್ರ ಮೀಟರ್ ಸುಳ್ಳು ಹೇಳತೈತಿ, ಸುಟ್ರ ಮಾತಾಡೋದ ಬಿಡತೈತಿ," ಎಂದು ಒಂದೊಂದು ಗೇಣಿಗೂ ಪಟ್ಟಿ ಬಿಗಿಯುತ್ತಾರೆ.

ಕಾರು ಮಸ್ಕಿಯ ಬಸವಲಿಂಗ ಅವರದು, ಬಾಡಿಗೆಗೆ ಓಡುವ ಗಾಡಿ. ಜನ ತುಂಬಿಕೊಂಡು ಲಿಂಗಸುಗೂರಿನ ಕಡೆ ಏರು ಹತ್ತುವಾಗ ಕಪ್ಪು ಹೊಗೆ ಬಿಟ್ಟು ತೆವಳಲು ಶುರುವಿಟ್ಟಿದೆ. ಟರ್ಬೊ ಹೋಗಿದೆ, ಹೊಸದನ್ನೇ ಹಾಕಿಸಿ ಎಂದು ಬೇರೊಂದು ಕಡೆ ಹೇಳಿಬಿಟ್ಟಿದ್ದಾರೆ. ಬಸವಲಿಂಗ ಅದನ್ನು ನಂಬದೆ ನೇರ ಇಲ್ಲಿಗೆ ಬಂದಿದ್ದಾರೆ. "ಗದ್ದೆಪ್ಪಣ್ಣ ಕಿವಿಲೆ ಕೇಳಿ ಹೇಳಬೇಕ್ರಿ, ಆವಾಗ ನನಗ ಖಾತ್ರಿ," ಎಂದು ಚಹಾ ಹೀರುತ್ತಾರೆ.

ಅಲ್ಲೇ ಇರುವುದು ತೊಡಕು. ಟರ್ಬೊ ಸರಿಯಾಗಿ ಗಾಳಿ ಒತ್ತುವಾಗ ಏಳುವ ಸೀಟಿ ಗದ್ದೆಪ್ಪ ಅವರಿಗೆ ಕೇಳಿಸುವುದಿಲ್ಲ. ಕೇಳಿಸದೆ ಐದಾರು ವರ್ಷವಾಯಿತು. ಈ ಬೆಳಗಿನವರೆಗೂ ಆ ಗುಟ್ಟು ಗೊತ್ತಿದ್ದದ್ದು ಡಾಕ್ಟರನ್ನು ಬಿಟ್ಟರೆ ಲೋಕದಲ್ಲಿ ಇಬ್ಬರಿಗೇ, ಅವರಿಗೆ ಮತ್ತು ಹೆಂಡತಿ ಪಾರ್ವತೆಮ್ಮನಿಗೆ.

ಗೊರೇಬಾಳದ ಕುರಿ ಕಾಯುವ ಮನೆಯ ಹುಡುಗ ಗದ್ದೆಪ್ಪ ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ ನೋಡಿಕೊಳ್ಳಲು ಸೇರಿದವರು. ಕಲಿತದ್ದೆಲ್ಲ ಕಿವಿಯಿಂದಲೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗೆ ಏನು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದರು. ಆ ಕಿವಿಯ ಹೆಸರಿನ ಮೇಲೆಯೇ ಶೆಡ್ಡು ಎದ್ದಿತು, ಇಬ್ಬರು ಹೆಣ್ಣುಮಕ್ಕಳ ಓದು ನಡೆಯಿತು. ಹೆಸರು ಕೊಟ್ಟ ಎಂಜಿನ್ನಿನ ಸದ್ದೇ ಒಳಗೊಳಗೆ ಕಿವಿಯನ್ನು ತಿನ್ನುತ್ತಿತ್ತು ಅಂತ ಯಾರಿಗೆ ಗೊತ್ತು?

ಮೊದಲು ತಿಳಿದದ್ದು ಪಾರ್ವತೆಮ್ಮನಿಗೆ. "ಒಲಿ ಮ್ಯಾಲ ಕುಕ್ಕರ್ ಇಟ್ಟು, ಜರಾ ನೋಡ್ರಿ ಅಂತ ಹೇಳಿ ನೀರಿಗೆ ಹೋಗಿದ್ದೆ. ತಿರುಗಿ ಬಂದ್ರ ಬ್ಯಾಳಿ ಕರಕಲಾಗೇತಿ, ಇವ್ರು ಅದರ ಮುಂದ ಆರಾಮ ಕುಂತಾರ. ಸೀಟಿ ಹೊಡದಿಲ್ಲ ಅಂತ ನನಗ ಜೋರು ಮಾಡಿದ್ರು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಆ ದಿನ ಮಾತ್ರ ನಗು ಬರಲಿಲ್ಲ, ಗಂಡನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಕಿವಿಯ ನರ ಸವೆದಿದೆ, ಮೊದಲು ಹೋಗುವುದು ಸೀಟಿಯಂಥ ಸಣ್ಣ ದನಿಯೇ ಎಂದು ಡಾಕ್ಟರು ಹೇಳಿದರು. ಎದುರಿಗೆ ನಿಂತು, ತುಟಿ ಕಾಣುವಂತೆ ಮಾತಾಡಿದರೆ ಅರ್ಥವಾಗುತ್ತದೆ. ಕಿವಿಗೆ ಹಾಕುವ ಮಷೀನೂ ತಂದರು. "ಅದನ್ನ ಹಾಕ್ಕೊಂಡ್ರ ಗ್ಯಾರೇಜ್‌ನ ಸದ್ದೆಲ್ಲಾ ಬಂದು ತಲ್ಯಾಗ ಕುಂದರತೈತ್ರಿ. ತಗದು ಡಬ್ಬ್ಯಾಗ ಇಟ್ಟೀನಿ," ಎನ್ನುತ್ತಾರೆ ಗದ್ದೆಪ್ಪ.

ಗಿರಾಕಿಗಳಿಗೆ ಹೇಳೋಣವೆಂದರೆ ಬಾಯಿ ಬಿಟ್ಟರೆ ಬಣ್ಣಗೇಡು. ಕಿವುಡ ಮೇಸ್ತ್ರಿಯ ಹತ್ತಿರ ಗಾಡಿ ಯಾರು ತರುತ್ತಾರೆ? ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ತಲೆದೂಗುವ ನಾಟಕ ನಡೆದೇ ಇತ್ತು. ಆದರೆ ಟರ್ಬೊ ವಿಷಯದಲ್ಲಿ ನಾಟಕ ಸಾಗದು. ಗಾಡಿ ಓಡಿಸಿಯೇ ಸೀಟಿ ಕೇಳಬೇಕು. ಆಗ ಗಂಡಹೆಂಡಿರು ಹೂಡಿದ ಉಪಾಯ ಒಂದಿದೆ. ಟ್ರಯಲ್ಲಿಗೆ ಹೊರಟಾಗಲೆಲ್ಲ ಪಾರ್ವತೆಮ್ಮ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಸೀಟಿ ಎದ್ದ ಕೂಡಲೇ ಗಂಡನ ಹೆಗಲು ತಟ್ಟಬೇಕು. ಸೀಟಿಯ ಬದಲು ಸುಸ್ ಎಂದು ಗಾಳಿ ಸೋರುವ ಸದ್ದು ಬಂದರೆ ಎರಡು ಸಲ.

ಕಾರು ಹತ್ತಿದರೆ ಸಾಕು, ಆ ತಾಯಿಗೆ ಹೊಟ್ಟೆ ತೊಳೆಸುತ್ತದೆ. ಸೆರಗಿನ ತುದಿಗೆ ನಿಂಬೆಹಣ್ಣು ಕಟ್ಟಿಕೊಂಡು, ಮೂಸುತ್ತಾ ಮೂಸುತ್ತಾ ವರ್ಷಗಟ್ಟಲೆ ಕಂಡವರ ಗಾಡಿಯಲ್ಲಿ ಕೂತರು. ಗದ್ದೆಪ್ಪ ಗಿರಾಕಿಗಳ ಡೀಸೆಲ್ ಸುಟ್ಟು ಹೆಂಡತಿಗೆ ಹವಾ ತಿನ್ನಿಸುತ್ತಾನೆ ಎಂದು ಚಹಾದಂಗಡಿಯವರು ಆಡಿಕೊಂಡದ್ದೂ ಪಾರ್ವತೆಮ್ಮನ ಕಿವಿಗೆ ಬಿತ್ತು. "ಅನ್ಲಿ ಬಿಡ್ರಿ. ಅನ್ನೋರು ನಮ್ಮ ಒಲಿ ಹಚ್ಚಾಕ ಬರ್ತಾರೇನು?" ಎನ್ನುತ್ತಾರೆ.

ಬಿಡುಗಡೆ ಬಂದದ್ದು ಮುಕ್ಕುಂದದ ಆನಂದಕುಮಾರನ ಶೋಕಿಯಿಂದ. ಭತ್ತ ಬೆಳೆಯುವ ಯುವಕ, ಗಾಡಿಯ ಹುಚ್ಚು. ಎಲ್ಲಿಂದಲೋ ತರಿಸಿದ ಬೂಸ್ಟ್ ಗೇಜ್ ತಂದುಕೊಟ್ಟು, ಇದನ್ನು ಕೂರಿಸಿಕೊಡಿ, ನೋಡಲು ಛಂದ ಎಂದ. ಗದ್ದೆಪ್ಪ ತಲೆಕೆಡಿಸಿಕೊಂಡು ಹೇಗೋ ಕೂರಿಸಿದರು. ಎಂದಿನಂತೆ ಪಾರ್ವತೆಮ್ಮನನ್ನು ಹಿಂದೆ ಕೂರಿಸಿಕೊಂಡು ಟ್ರಯಲ್ಲಿಗೆ ಹೊರಟರು. ಕಾಲುವೆ ಸೇತುವೆಯ ಏರಿನಲ್ಲಿ ರೇಸ್ ಕೊಟ್ಟರು. ಮುಳ್ಳು ಸೊನ್ನೆಯಿಂದ ಮೇಲಕ್ಕೆದ್ದಿತು. ಅದೇ ಗಳಿಗೆಯಲ್ಲಿ ಹೆಗಲ ಮೇಲೆ ಹೆಂಡತಿಯ ಕೈ ಬಿತ್ತು.

ಗದ್ದೆಪ್ಪ ಗಾಡಿಯನ್ನು ಕಾಲುವೆಯ ದಂಡೆಗೆ ತಂದು ನಿಲ್ಲಿಸಿಬಿಟ್ಟರು. "ಗಾಡಿ ಕೆಟ್ಟಿತು ಅಂತ ನಾ ಹೆದರಿದೆ," ಎನ್ನುತ್ತಾರೆ ಪಾರ್ವತೆಮ್ಮ. "ಇವ್ರು ಮೀಟರ್ ತೋರ್ಸಿ, ಇನ್ನೊಮ್ಮಿ ತಟ್ಟು ನೋಡೂನು ಅಂದ್ರು. ಮತ್ತ ಹಿಂದಕ ಹೋಗಿ ಏರು ಹತ್ತಿದ್ವಿ. ಮುಳ್ಳೂ ಏಳತೈತಿ, ಸೀಟಿನೂ ಬರತೈತಿ. ನಾ ಕೈ ತಗದು ಮಡಿಲಾಗ ಇಟ್ಕೊಂಡೆ. ಆಗಲೂ ಮುಳ್ಳು ಎದ್ದೇ ಎದ್ದಿತು. ಇಬ್ರೂ ಅಲ್ಲೇ ಕುಂತು ಅತ್ತಿವಿ ನೋಡ್ರಿ." ಹೋದ ಜೀವ ಬಂದಂತಾಗಿತ್ತು ಇಬ್ಬರಿಗೂ. ಅಂದಿನಿಂದ ಟರ್ಬೊ ದೂರು ಹೇಳಿಕೊಂಡು ಬಂದ ಗಾಡಿಗೆಲ್ಲ ಗದ್ದೆಪ್ಪ ಮೊದಲು ಮೀಟರ್ ಕೂರಿಸುತ್ತಾರೆ. ಲಿಂಗಸುಗೂರಿನ ಟ್ಯಾಕ್ಸಿಯವರು, ಆರ್.ಎಚ್. ಕ್ಯಾಂಪ್ ಎಂಬ ಊರಿನ ರೈತರು ಇದಕ್ಕಾಗಿಯೇ ಬರುತ್ತಾರೆ. ಪಾರ್ವತೆಮ್ಮ ಮನೆಯಲ್ಲಿ ನೆಮ್ಮದಿಯಾಗಿದ್ದಾರೆ. ಗಂಡನಿಗೆ ಚಹಾ ತರುವಾಗ ಮಾತ್ರ ಶೆಡ್ಡಿನತ್ತ ಬರುತ್ತಾರೆ.

ಆದರೂ ಗುಟ್ಟು ಗುಟ್ಟಾಗಿಯೇ ಇತ್ತು, ಇವತ್ತಿನವರೆಗೆ.

ಮೀಟರ್ ಕೂರಿಸಿದ್ದಾಯಿತು. ಬಸವಲಿಂಗ ಪಕ್ಕದ ಸೀಟು ಹತ್ತುತ್ತಾರೆ. ಕಾಲುವೆ ಸೇತುವೆಯ ಏರಿನಲ್ಲಿ ರೇಸ್ ಕೊಟ್ಟರೆ ಮುಳ್ಳು ಅರ್ಧಕ್ಕೆದ್ದು ಅಲ್ಲೇ ನಡುಗುತ್ತದೆ. "ಏನೋ ಸುಸ್ ಅನ್ನಾಕತ್ತೈತಲ್ಲ ಮೇಸ್ತ್ರಿ, ಎಲ್ಲಿಂದದು?" ಎನ್ನುತ್ತಾರೆ ಬಸವಲಿಂಗ. ಗದ್ದೆಪ್ಪ ರಸ್ತೆ ನೋಡುತ್ತಲೇ ಇದ್ದಾರೆ. ಮತ್ತೊಮ್ಮೆ ಕೇಳಿದರೂ ಉತ್ತರವಿಲ್ಲ. ಬಸವಲಿಂಗ ತೋಳು ಹಿಡಿದು ಅಲುಗಾಡಿಸಿದಾಗ ಗಾಡಿ ನಿಲ್ಲುತ್ತದೆ.

ನೋಡೋಣ, ಓಡಲಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಜಾರಿಕೊಳ್ಳಬಹುದಿತ್ತು. ಇಷ್ಟು ವರ್ಷ ಹಾಗೆಯೇ ಜಾರಿಕೊಂಡವರು. ಯಾಕೋ ಇಂದು ಸಾಕೆನಿಸಿರಬೇಕು. "ನನಗ ಕೇಳಂಗಿಲ್ಲ ಬಸವಲಿಂಗಪ್ಪಾರ. ಕಿವಿ ಹೋಗ್ಯಾವ. ಮುಳ್ಳು ಅರ್ಧಕ್ಕ ನಿಂತೈತಿ, ಅಂದ್ರ ಗಾಳಿ ಸೋರತೈತಿ. ನೀವು ರೇಸ್ ಕೊಡ್ರಿ, ನಾ ಕೈಲೆ ಹುಡುಕ್ತೀನಿ," ಎಂದು ಇಳಿದೇ ಬಿಡುತ್ತಾರೆ.

ಬಾನೆಟ್ ಎತ್ತಿ, ಅಂಗೈ ಒದ್ದೆ ಮಾಡಿಕೊಂಡು, ಬಿಸಿಗೆ ತಾಗದಂತೆ ಗಾಳಿಯ ಪೈಪಿನ ಉದ್ದಕ್ಕೂ ಆಡಿಸುತ್ತಾರೆ. ಪೈಪಿನ ಕೆಳಹೊಟ್ಟೆಯಲ್ಲಿ ಗಾಳಿ ಕೈಗೆ ಬಡಿಯುತ್ತದೆ. ರಬ್ಬರ್ ಸೀಳಿದೆ, ಟರ್ಬೊ ಗಟ್ಟಿಯಾಗಿಯೇ ಇದೆ. ಶೆಡ್ಡಿಗೆ ಮರಳಿ ಬೇರೆ ಪೈಪು ಹಾಕಿ, ಕ್ಲಿಪ್ಪು ಬಿಗಿದು, ಮತ್ತೆ ಅದೇ ಏರಿಗೆ ಹೋಗುತ್ತಾರೆ. ಮುಳ್ಳು ಏರಬೇಕಾದಷ್ಟೂ ಏರಿ ನಿಲ್ಲುತ್ತದೆ. ಗಾಡಿ ಸರಾಗ ಹತ್ತುತ್ತದೆ.

ಬಸವಲಿಂಗ ಶೆಡ್ಡಿನ ಮುಂದೆ ಇಳಿದು, ಗದ್ದೆಪ್ಪನ ಎದುರಿಗೆ ಬಂದು ನಿಲ್ಲುತ್ತಾರೆ. "ಹಂಗಾದ್ರ ಆ ವರ್ಷ ನನ್ನ ಹಳೇ ಗಾಡಿ ಟರ್ಬೊ ಕೇಳಿ ಹೇಳಿದ್ರಲ್ಲ, ಅದು?"

"ಅದು ಪಾರ್ವತಿ ಕೇಳಿದ್ದು."

ಬಸವಲಿಂಗ ಚಹಾ ಹಿಡಿದು ನಿಂತ ಪಾರ್ವತೆಮ್ಮನತ್ತ ತಿರುಗುತ್ತಾರೆ. "ಅಕ್ಕಾರು ಬರೋಬ್ಬರಿ ಕೇಳಿದ್ರು ಬಿಡ್ರಿ. ಗಾಡಿ ಮಾರೋತನಕ ಟರ್ಬೊ ಮುಟ್ಟಲಿಲ್ಲ." ಆಮೇಲೆ ಗದ್ದೆಪ್ಪನಿಗೆ ಕಾಣುವಂತೆ ನಿಧಾನವಾಗಿ ಹೇಳುತ್ತಾರೆ: "ನಮ್ಮ ತಮ್ಮನ ಗಾಡಿನೂ ಕಳಸ್ತೀನಿ, ಅದಕ್ಕೂ ಒಂದು ಮೀಟರ್ ಕುಂದರ್ಸ್ರಿ." ಗದ್ದೆಪ್ಪ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ಹೆಂಡತಿಯ ಕೈಯಿಂದ ಚಹಾ ತೆಗೆದುಕೊಳ್ಳುತ್ತಾರೆ.

ಕಿವಿಯ ಸಂಗತಿ ಬಿಟ್ಟು ಬರೆಯಬೇಕೋ ಹೇಗೆ ಎಂದು ಪತ್ರಿಕೆಯಿಂದ ಬಂದವರು ಎದುರು ಕೂತು ಕೇಳಿದಾಗ, ಗದ್ದೆಪ್ಪ ಒಮ್ಮೆ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಹೂಂ ಎನ್ನುತ್ತಾರೆ.

"ಬರೀರಿ," ಎನ್ನುತ್ತಾರೆ ಗದ್ದೆಪ್ಪ. "ಲಿಂಗಸುಗೂರು ಬಸ್‌ಸ್ಟ್ಯಾಂಡಿನ್ಯಾಗ ನನ್ನ ತಮ್ಮ ಸಿದ್ದರಾಮೇಶ ಹಿಂದ ನಿಂತು ನನ್ನ ಕರದನಂತ, ಬಾಳ ಸಲ ಕರದನಂತ. ಮಂದಿ ಮುಂದ ಅಣ್ಣ ತಿರುಗಿ ಸುದ್ದಾ ನೋಡಲಿಲ್ಲ, ಸೊಕ್ಕು ಬಂದೈತಿ ಅಂತ ಮಾತು ಬಿಟ್ಟಾನ. ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಸೊಕ್ಕಿನವ ಅನ್ನಿಸ್ಕೊಳ್ಳೋದ ವಾಸಿ ಅಂತ ನಾನೂ ಸುಮ್ಮನಿದ್ದೆ. ನಿಮ್ಮಣ್ಣಗ ಸೊಕ್ಕಿರಲಿಲ್ಲ, ಕೇಳಿಸಿರಲಿಲ್ಲ ಅಂತ ಬರೀರಿ. ಅವ ದಿನಾ ಪೇಪರ್ ಓದ್ತಾನ."