ಉಸಿರಿನ ಕೆಲಸಕ್ಕೆ ಕೈ ತೊಳೆಯುತ್ತಿದ್ದ ಮಿಸ್ತ್ರಿ

ಮೊಮ್ಮಗಳ ಕಾರು ತಪಾಸಣೆಯಲ್ಲಿ ನಪಾಸಾದದ್ದು ನನ್ನಿಂದ. ಗ್ಯಾರೇಜಿನ ಮಿಸ್ತ್ರಿಯ ಕೈ ಹೋಗಿತ್ತು, ಕಸುಬು ಮರೆತಿದ್ದ ಎನ್ನುವುದು ಸುಳ್ಳು. ಆ ಸುಳ್ಳು ಜೇವರ್ಗಿಯ ತುಂಬ ತಿರುಗಾಡುವಾಗ ನಾನು ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ಅವನ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಗ್ರೀಸು ಹತ್ತಿ ಕರ್ರಗೆ, ಮಣಿಕಟ್ಟು ದಾಟಿದರೆ ಬೆಳ್ಳಗೆ. ಕರಿ ತೋಳಿಗೆ ಬೇರೆ ಯಾರದೋ ಅಂಗೈ ತಂದು ಹೊಲಿದಂತೆ ಕಾಣುತ್ತಿತ್ತು. ಇಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು ಮುಟ್ಟುವ ಮೊದಲು ನನ್ನ ಒಲೆಯ ಬೂದಿ ಒಯ್ದು ಕೈ ತಿಕ್ಕಿ, ಮೇಲೆ ಸಾಬೂನು ಹಚ್ಚಿ ತೊಳೆಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಉಸಿರಿನ ಕೆಲಸ. "ಗಾಡಿಗೆ ಮೂಗು ಒಂದೇ ಅದರಿ ಅಕ್ಕಾವ್ರೇ, ಹೊಲಸು ಕೈ ಹಾಕಬಾರದು" ಅನ್ನುತ್ತಿದ್ದ.

ಅವನ ಗ್ಯಾರೇಜು ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಇತ್ತು. ನಾನು ರೊಟ್ಟಿ ಮಾಡಿ ಮಾರುವವಳು. ಇಪ್ಪತ್ತು ವರ್ಷ ಅವನ ಮಧ್ಯಾಹ್ನದ ಊಟ ನನ್ನ ರೊಟ್ಟಿ, ನನ್ನ ಪಲ್ಯ. "ರೊಟ್ಟಿ ಇಷ್ಟು ಮೆತ್ತಗ, ನಾಲಿಗಿ ಯಾಕ ಹಂಗರಿ?" ಎಂದು ಕೇಳುತ್ತಿದ್ದ. "ನಾಲಿಗಿ ಪುಕ್ಕಟೆ, ಅದಕ್ಕ" ಅನ್ನುತ್ತಿದ್ದೆ. ಅವನ ಮಾತು ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಕೆಟ್ಟ ಇಂಜಿನ್ನಿನೊಂದಿಗೆ ಎರಡೂ.

ಮೊಮ್ಮಗಳು ನನ್ನ ಜೊತೆಗೇ ಇರುತ್ತಾಳೆ. ಅಫಜಲಪುರದಲ್ಲಿ ನೌಕರಿ, ದಿನಾ ಹೋಗಿ ಬರುತ್ತಾಳೆ. ಅದಕ್ಕೆಂದು ಒಂದು ಹಳೆಯ ಕಾರು ಕೊಂಡಿದ್ದಳು. ಸಾದಾ ಕಾರಲ್ಲ, ಜೋರಾಗಿ ಓಡಲೆಂದೇ ಮಾಡಿದ್ದು. ಅದಕ್ಕೆ ಹದಿನೈದು ವರ್ಷ ತುಂಬುತ್ತಿತ್ತು. ತಪಾಸಣೆಯಲ್ಲಿ ಪಾಸಾದರೆ ಇನ್ನೈದು ವರ್ಷ ರಸ್ತೆಯ ಮೇಲೆ, ಇಲ್ಲದಿದ್ದರೆ ಗುಜರಿಗೆ. ಅಂಥ ಹೊತ್ತಿನಲ್ಲೇ ಗಾಳಿ ಸೋಸುವ ಡಬ್ಬಿ ಬಿರಿಯಿತು. ಕಂಪನಿಯವರು ಆ ಡಬ್ಬಿ ಮಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೇರೆಯವರು ಮಾಡಿದ್ದನ್ನೇ ಹುಡುಕಬೇಕು.

ಮಿಸ್ತ್ರಿ ಕಲಬುರಗಿಯಿಂದ ಮೂರು ನಮೂನೆ ತಂದು ಗೋಣಿತಟ್ಟಿನ ಮೇಲೆ ಇಟ್ಟ. ಒಂದಕ್ಕೆ ಡಬ್ಬಿಯೇ ಇಲ್ಲ, ಮಿರಿಮಿರಿ ಮಿಂಚುವ ಕೊಳವೆ, ತುದಿಗೆ ಲಾಳಿಕೆಯಂಥ ಜಾಲರಿ. ಮೊಮ್ಮಗಳು ಅದನ್ನೇ ಎತ್ತಿಕೊಂಡಳು.

"ಚಾಚಾ, ಇದು ಹಾಕಿದ್ರ ಆವಾಜ್ ಮಸ್ತ್ ಬರ್ತದ."

"ಆವಾಜ್ ಬೇಕಂದ್ರ ಶಹನಾಯಿ ತಗೊಳ್ಳವಾ, ಕಾರ್ ಯಾಕ? ಇದು ಇಂಜಿನ್ನಿನ ಬಿಸಿ ಗಾಳಿನೇ ಕುಡೀತದ. ತೊಗರಿ ರಾಶಿ ಟೈಮಿನಾಗ ಇಜೇರಿ ರೋಡಿಗೆ ಹೋಗಿ ನೋಡು, ತೊಗರಿ ಹೊಟ್ಟು ಎಲ್ಲಾ ಇದರ ಮೂಗಿಗೆ. ತಪಾಸಣಿ ಸಾಹೇಬ್ರು ಬಾನೆಟ್ ಎತ್ತಿದ ಕೂಡ್ಲೆ ನಪಾಸ್ ಅಂತಾರ."

ಇನ್ನೊಂದು ಬಂಪರಿನ ಕೆಳಗಿಳಿಯುವ ಉದ್ದನೆಯ ಕೊಳವೆ. ಅದನ್ನು ಕಾಲಿನಿಂದಲೇ ಸರಿಸಿದ. "ಗಾಳಿ ತಣ್ಣಗ ತಗೋತದ, ಖರೆ. ಆದ್ರ ಮಳಿಗಾಲದಾಗ ನೀ ಹಳ್ಳದಾಗ ಗಾಡಿ ಇಳಸಾಕಿ. ನೀರು ಕುಡಿಯೂದು ಎಮ್ಮಿಗೆ ಛಂದ, ಇಂಜಿನ್ನಿಗಲ್ಲ."

ಉಳಿದದ್ದು ಮುಚ್ಚಿದ ಕರಿ ಡಬ್ಬಿ, ಒಳಗೆ ತೊಳೆದು ಮತ್ತೆ ಹಾಕಬಹುದಾದ ಬಟ್ಟೆಯ ಸೋಸಕ. ನೋಡಲು ನನ್ನ ರೊಟ್ಟಿಬುಟ್ಟಿಗಿಂತ ಕಡೆ. ಮೊಮ್ಮಗಳು ಮೂಗು ಮುರಿದಳು. ಅವನು ಹಳೆಯ ಡಬ್ಬಿಯ ಬೋಲ್ಟಿನ ತೂತಿನಿಂದ ತೂತಿಗೆ ದಾರ ಹಿಡಿದು, ಅದೇ ದಾರವನ್ನು ಹೊಸದರ ಮೇಲಿಟ್ಟು ನೋಡಿದ. ಆಮೇಲೆ ಜೊತೆಗೆ ಬಂದ ಕಾಗದವನ್ನು ಅವಳ ಕೈಗೆ ಕೊಟ್ಟ.

"ಓದು. ನಿನ್ನ ಗಾಡಿ ಹೆಸರು ಅದ ಏನು?"

"ಅದ."

"ವರ್ಷ?"

"ಅದೂ ಅದ ಚಾಚಾ."

"ಆವಾಜು, ಹೊಗಿ, ಎರಡೂ ಕಾಯ್ದಾದೊಳಗ ಇರ್ತಾವ ಅಂತ ಬರದಾರೋ ಇಲ್ಲೋ? ಇನ್ನೊಮ್ಮೆ ಓದು. ಡಬ್ಬಿ ಮ್ಯಾಲಿನ ನಂಬರು, ಕಾಗದದ ನಂಬರು ಒಂದೇ ಇರಬೇಕು."

ಎರಡು ಸಲ ಓದಿಸಿದ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ನನಗೂ ಆ ನಂಬರು ಬಾಯಿಪಾಠವಾಯಿತು. ಅದನ್ನೇ ಹಾಕಿದ. ಬಟ್ಟೆಯ ಸೋಸಕಕ್ಕೆ ಕಾರ್ಖಾನೆಯಲ್ಲೇ ಎಣ್ಣೆಯ ಪಸೆ ಹಚ್ಚಿರುತ್ತಾರಂತೆ, ಧೂಳು ಹಿಡಿಯಲಿ ಎಂದು. "ಹಚ್ಚೇ ಬರ್ತದ, ಮತ್ತ ಹಚ್ಚಬಾರದು" ಎಂದು ಇಬ್ಬರಿಗೂ ಹೇಳಿ ನಮಾಜಿಗೆ ಹೋದ. ಮರುದಿನವೇ ತಪಾಸಣೆ.

ನಾನು ಡಬ್ಬಿಯ ಕ್ಲಿಪ್ಪು ಎತ್ತಿ ಬಟ್ಟೆಯನ್ನು ಮುಟ್ಟಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ನನ್ನ ಅಪ್ಪ ಬಂಡಿ ಹೊಡೆಯುವವನು. ಅಂದೋಲಾಕ್ಕೆ ಹೊರಡುವ ಮುಂಚೆ ಅಚ್ಚಿಗೆ ಕೈತುಂಬ ಎಣ್ಣೆ ಸುರಿಯುತ್ತಿದ್ದ. ಎಣ್ಣೆ ಕಡಿಮೆ ಮಾಡುವವನು ಜುಗ್ಗ, ಅವನ ಬಂಡಿ ನಡುದಾರಿಯಲ್ಲಿ ನಿಲ್ಲುತ್ತದೆ ಎಂದೇ ನಾನು ಕಲಿತದ್ದು. ಒಳಗೆ ಹೋಗಿ ಕುಸುಬಿ ಎಣ್ಣೆ ತಂದೆ. ಒಂದು ಸೌಟು, ಸಾಲದೆನಿಸಿ ಇನ್ನೊಂದು. ಕ್ಲಿಪ್ಪು ಹಾಕಿ ಬಂದು ಹಿಟ್ಟು ಕಲಸಿದೆ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸವೆಂದೇ ತಿಳಿದಿದ್ದೆ.

ತಪಾಸಣೆಗೆ ಮೂವರೂ ಹೋದೆವು. ದಾರಿಯಲ್ಲೇ ಕಾರು ಒಮ್ಮೆ ಏರಿ ಒಮ್ಮೆ ಇಳಿದು ನರಳತೊಡಗಿತು. ಮೊಮ್ಮಗಳು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಮಿಸ್ತ್ರಿ ಕಿವಿಯನ್ನು ಬಾಗಿಲಿನತ್ತ ವಾಲಿಸಿ ಕೂತಿದ್ದ. ತಪಾಸಣೆಯ ಅಂಗಳದಲ್ಲಿ ಅಧಿಕಾರಿ ಬಾನೆಟ್ ಎತ್ತಿ, ಡಬ್ಬಿ ನೋಡಿ, ಕಾಗದದ ನಂಬರು ತಾಳೆ ಹಾಕಿ ಸರಿ ಅಂದರು. ಹೊಗೆ ಅಳೆಯುವ ಕೊಳವೆ ಸಿಕ್ಕಿಸಿದರು. ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಮತ್ತೆ ಚಾಲೂ ಮಾಡಿದರು, ಮತ್ತೆ ನಿಂತಿತು. ನಪಾಸು. ಎಂಟು ದಿನದೊಳಗೆ ಇನ್ನೊಂದು ಅವಕಾಶ, ಅದೇ ಕೊನೆ.

ಅಲ್ಲೇ ಎಲ್ಲರ ಮುಂದೆ ಮಿಸ್ತ್ರಿ ಡಬ್ಬಿ ಬಿಚ್ಚಿದ. ಬಟ್ಟೆಯ ಮಡಿಕೆಯಿಂದ ಎಣ್ಣೆ ಇಳಿಯುತ್ತಿತ್ತು. ಬೆರಳು ಅದ್ದಿ ಮೂಗಿಗೆ ಹಿಡಿದ. ಇಪ್ಪತ್ತು ವರ್ಷ ನನ್ನ ಪಲ್ಯ ತಿಂದವನಿಗೆ ಆ ವಾಸನೆ ಯಾರ ಅಡುಗೆಮನೆಯದೆಂದು ಹೇಳಿಕೊಡಬೇಕೇ? ತಲೆ ಎತ್ತಿ ನನ್ನನ್ನು ನೋಡಿದ. ನಾನು ಸೆರಗು ಸರಿಮಾಡಿಕೊಂಡೆ.

"ಏನಾತು ಚಾಚಾ?"

"ಎಣ್ಣಿ ಜಾಸ್ತಿ ಆಗ್ಯದವಾ. ನನ್ನ ಕೈ ತಪ್ಪಿತು."

"ಮತ್ತ ಹಚ್ಚಬಾರದು ಅಂದವ್ರು ನೀವೇ ಅಲ್ರಿ!"

"ಅಂದಿದ್ದೆ. ವಯಸ್ಸಾತು."

ಸಾಲಿನಲ್ಲಿ ಹಿಂದೆ ನಿಂತಿದ್ದವನು ಆಳಂದದ ಒಬ್ಬ ಜೀಪಿನವನು, ಇದೇ ಮಿಸ್ತ್ರಿಯ ಹಳೆಯ ಗಿರಾಕಿ. "ವಯಸ್ಸಾದ್ರ ಮನ್ಯಾಗ ಕೂಡ್ರಿ ಮಿಸ್ತ್ರಿ, ಮಂದಿ ಗಾಡಿ ಯಾಕ ಕೆಡಸ್ತೀರಿ?" ಅಂದ. ಸುತ್ತ ನಿಂತವರು ನಕ್ಕರು. ಮಿಸ್ತ್ರಿಯೂ ನಕ್ಕ. ನನ್ನ ಬಾಯಿ ಏಳಲಿಲ್ಲ. ಮೊಮ್ಮಗಳಿಗೆ ಹೆದರಿ ಅಲ್ಲ, ನನ್ನ ಸೊಕ್ಕಿನಿಂದ. ನನ್ನ ಕೈಯ ಕೆಲಸವನ್ನು ತಪ್ಪು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆ ಸಂಜೆ ಗೋಡೆಯ ಈಚೆಯಿಂದ ಅವನನ್ನು ಕರೆದೆ.

"ಯಾಕ ಹಂಗಂದಿ?"

"ಆಕಿ ನಿಮ್ಮ ಸಂಗಾಟ ಒಂದೇ ಮನ್ಯಾಗ ಇರಾಕಿ. ನನ್ನ ಮ್ಯಾಲ ಸಿಟ್ಟಾದ್ರ ಸಿಟ್ಟು ಗೋಡಿ ಈಚಿಗೆ, ನನ್ನ ಕಡೆನೇ ಇರ್ತದ."

"ನಾಳಿ ನಾ ಆಕಿಗೆ ಹೇಳ್ತೇನಿ."

"ನಿಮ್ಮ ಮರ್ಜಿ. ಮೊದ್ಲು ಗಾಡಿ ಪಾಸ್ ಆಗ್ಲಿ."

ಆ ನಾಳೆ ಬಂತು, ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ಅವನು ಸೋಸಕವನ್ನು ಬಿಸಿನೀರಿನಲ್ಲಿ ಐದಾರು ಸಲ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ, ಅದಕ್ಕೆಂದೇ ಇರುವ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಹಚ್ಚಿದ. ಡಬ್ಬಿಯ ಹಿಂದೆ ಕೂದಲಿನಂಥ ಒಂದು ತಂತಿ ಇದೆ, ಎಷ್ಟು ಗಾಳಿ ಬಂತೆಂದು ಇಂಜಿನ್ನಿಗೆ ಹೇಳುವುದು ಅದೇ. ಎಣ್ಣೆ ಬಡಿದರೆ ಅದು ಸುಳ್ಳು ಹೇಳುತ್ತದೆ. ಉಸಿರು ಹಿಡಿದು ಆ ತಂತಿಯನ್ನು ತೊಳೆದ. ಎಂಟನೆಯ ದಿನ ಕಾರು ಒಂದೇ ದನಿಯಲ್ಲಿ ಓಡಿ ಪಾಸಾಯಿತು. ಮೊಮ್ಮಗಳು ಕಾಗದ ತೆಗೆದುಕೊಂಡಳು, ಅವನ ಮುಖ ನೋಡಲಿಲ್ಲ. ಮುಂದಿನ ಸಲ ಕಾರನ್ನು ಬೇರೆ ಕಡೆ ಒಯ್ದಳು.

ಅವಳೊಬ್ಬಳೇ ಅಲ್ಲ. ಆಳಂದದ ಜೀಪು ಬರಲಿಲ್ಲ. ಗೊಬ್ಬೂರಿನ ವ್ಯಾನು ಬರಲಿಲ್ಲ. ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ, "ಮಿಸ್ತ್ರಿ ಕೈ ಹೋಗ್ಯದ" ಎನ್ನುವುದು ದಿನದ ಮಾತಾಯಿತು. ಒಂದು ಮಧ್ಯಾಹ್ನ ಅವನು ಬೂದಿ ಕೇಳಿ ಒಯ್ದ. ಯಾವ ಗಾಡಿ ಬಂತೆಂದು ಇಣುಕಿ ನೋಡಿದೆ. ಗಾಡಿ ಇರಲಿಲ್ಲ. ಕೈ ತೊಳೆದು, ಒರೆಸಿಕೊಂಡು, ಖಾಲಿ ಅಂಗಳ ನೋಡುತ್ತ ಸ್ಟೂಲಿನ ಮೇಲೆ ಕೂತಿದ್ದ. ಕಂಡೂ ಒಳಗೆ ಬಂದೆ.

ತೊಗರಿ ರಾಶಿಯ ದಿನಗಳಲ್ಲಿ ಒಂದು ಬೆಳಗ್ಗೆ ಎದೆ ನೋವೆಂದು ಕೂತವನು ಏಳಲಿಲ್ಲ. ಮಣ್ಣು ಮುಗಿಸಿ ಬಂದ ಗಂಡಸರು ಚಹಾದಂಗಡಿಯಲ್ಲಿ ನಿಂತರು. ನಾನು ಅವನ ಮನೆಗೆ ರೊಟ್ಟಿ ಒಯ್ಯಲು ಬಾಗಿಲಿಗೆ ಬಂದಿದ್ದೆ. "ಛಲೋ ಮನುಷ್ಯ ಇದ್ದ. ಕೊನಿಗೆ ಕೈ ಹೋಗಿತ್ತು, ಅದೊಂದು ಬಿಡ್ರಿ" ಎಂದು ಯಾರೋ ಅಂದರು. ಎಲ್ಲರೂ ಹೌದು ಹೌದು ಅಂದರು.

ಮರುದಿನ ಬೆಳಗ್ಗೆ ನಾನು ಒಲೆ ಹಚ್ಚಲಿಲ್ಲ. ಮೊಮ್ಮಗಳನ್ನು ಎಬ್ಬಿಸಿ ಹೇಳಿದೆ.

"ಆಯಿ, ನೀನಾ?"

"ನಾನೇ. ಎರಡು ಸೌಟು. ಎದ್ದು ಚಪ್ಪಲಿ ಹಾಕ್ಕೋ, ನಡಿ."

ಹೆಂಗಸರು ಕೂಡದ ಚಹಾದಂಗಡಿ ಅದು. ಬೆಂಚಿನ ನಡುವೆ ಹೋಗಿ ಕೂತೆ, ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡೆ. ಏಳೆಂಟು ಜನ ಇದ್ದರು. ಎಲ್ಲರ ಮಾತು ನಿಲ್ಲುವವರೆಗೆ ಕಾದು, ಎಣ್ಣೆ ಸುರಿದವಳು ನಾನು, ಕಂಡೂ ನನ್ನನ್ನು ಮುಚ್ಚಿಟ್ಟವನು ಅವನು, ಅವನ ಕೈ ನಿನ್ನೆಯವರೆಗೂ ನೆಟ್ಟಗಿತ್ತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮೊಮ್ಮಗಳು ನೆಲ ನೋಡುತ್ತ ಅಳುತ್ತಿದ್ದಳು. ನಾನು ತಡೆಯಲಿಲ್ಲ.

"ಈಗ ಹೇಳ್ತಿಯೇನಬೇ ಮುದುಕಿ?" ಒಬ್ಬ ಕೇಳಿದ. "ಮಣ್ಣಾದ ಮ್ಯಾಲ?"

"ಹೌದು, ಈಗ. ನಿನ್ನೆ ಇಲ್ಲಿ ಇನ್ನೂ ನಾಲ್ಕು ಮಂದಿ ನಿಂತಿದ್ರು, ಅವ್ರು ಯಾವಾಗ ಬರ್ತಾರ ಹೇಳು. ಕೂತಿರ್ತೇನಿ."