ಅಮ್ಮನ ಸಾಲಿಗೆ ಬಿಟ್ಟ ಜಾಗ

ಲೈವ್ ಅಂತೆ, ಲೈವ್! ನನ್ನ ಮೊದಲ ಸಿ.ಡಿ.ಯ ಹೊದಿಕೆಯ ಮೇಲೆ ನನ್ನ ಹೆಸರಿಗಿಂತ ದೊಡ್ಡದಾಗಿ ಆ ಮಾತು ಅಚ್ಚಾಗಿದೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಹೆಬ್ಬಗೋಡಿಯಲ್ಲಿ ಶೀಟ್ ಹೊದಿಸಿದ ಒಂದು ಹಾಲ್‌ನಲ್ಲಿ ನಮ್ಮ ಚರ್ಚಿನ ಸಭೆ ಕೂಡುತ್ತಿತ್ತು. ವಾರವೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯಲ್ಲಿ ದುಡಿದು, ಭಾನುವಾರ ಅಲ್ಲಿ ಹಾಡುತ್ತಿದ್ದೆ. ಹಾಡುಗಳು ಅಮ್ಮನವು. ಅಕ್ಷರ ಬಾರದ ಅಮ್ಮ ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಕಟ್ಟಿದ ಯೇಸುವಿನ ಹಾಡುಗಳು. ನಮ್ಮಲ್ಲಿ ಯಾರೂ ಒಬ್ಬರೇ ಹಾಡುವುದಿಲ್ಲ. ನಾನು ಒಂದು ಸಾಲು ಹೇಳಿ ನಿಲ್ಲಿಸಬೇಕು, ಹೆಂಗಸರ ಚಾಪೆಯಿಂದ ಅಮ್ಮ ಮರುಸಾಲು ಎತ್ತಬೇಕು, ಸಭೆ ಅವಳ ಹಿಂದೆ ಹೋಗಬೇಕು. ಅವಳದು ಒಡಕು ದನಿ. ಆ ದನಿ ಒಂದು ಕಡೆ ಉಳಿಯಲಿ ಅಂತಲೇ ನಾನು ಆಲ್ಬಂಗೆ ಒಪ್ಪಿದ್ದು. ಸ್ಟುಡಿಯೋ ಬೇಡ, ಸಭೆಯಲ್ಲೇ ಆಗಲಿ ಎಂದು ಹಟ ಹಿಡಿದದ್ದೂ ಅದಕ್ಕೇ.

ಬ್ರೂಕ್‌ಫೀಲ್ಡ್‌ನಿಂದ ರೆಕಾರ್ಡಿಂಗ್‌ನವನು ಬಂದು, ಕಿವಿಗೆ ಹೆಡ್‌ಫೋನ್ ಹಾಕಿ ಕೂತ. ಮೊದಲ ಹಾಡಿನ ಮೊದಲ ಸಾಲು ಹೇಳಿ ಎಂದಿನಂತೆ ನಿಲ್ಲಿಸಿದೆ. ಅಮ್ಮ ಎತ್ತಿಕೊಂಡಳು. ಅವನು ಕೈ ಆಡಿಸಿ ಎಲ್ಲವನ್ನೂ ನಿಲ್ಲಿಸಿದ.

“ಯಾರದು? ಸೋಲೋ ಆಲ್ಬಂ ಕಣ್ರೀ ಇದು. ಎಲ್ಲಾ ಸೈಲೆಂಟಾಗಿರ್ಬೇಕು.”

“ಮತ್ತೆ ಲೈವ್ ಅಂತ ಯಾಕೆ ಹಾಕ್ತೀರ ಸಾರ್?” ಎಂದೆ.

“ಚಪ್ಪಾಳೆ ಆಮೇಲೆ ಸೇರಿಸ್ತೀವಿ ಮೇಡಂ. ನನ್ ಹತ್ರ ರೆಡಿ ಇದೆ.”

ಎದುರಿಗೆ ನಮ್ಮ ಜನ ಕೂತಿರುವಾಗ ಎಲ್ಲಿಯವರದೋ ಚಪ್ಪಾಳೆ! ಮದುವೆ ಮನೆಯಲ್ಲಿ ನೆಂಟರನ್ನು ಎಬ್ಬಿಸಿ ದಾರಿಹೋಕರಿಗೆ ಎಲೆ ಹಾಕಿದ ಹಾಗೆ. ನಾನು ಜಗಳಕ್ಕೇ ನಿಂತೆ. ಪಾಸ್ಟರಾದರೂ ನನ್ನ ಪರ ಬರುತ್ತಾರೆ ಅಂದುಕೊಂಡರೆ, ಅವರು ಮೈಕ್ ಕಿತ್ತುಕೊಂಡು, ಎಲ್ಲರೆದುರು ಅಮ್ಮನಿಗೆ, “ಮಗಳು ಮುಂದೆ ಬರೋದು ಇಷ್ಟ ಇಲ್ವೇನಮ್ಮ? ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊ” ಎಂದುಬಿಟ್ಟರು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹಾಡಲ್ಲ ಎಂದೆ. ಅವಳೇ ಕಣ್ಣಲ್ಲಿ ಗದರಿಸಿ, ಹಾಡು ಎಂದು ಕೈ ಮಾಡಿದಳು. ಹಾಡಿದೆ. ಪ್ರತಿ ಸಾಲಿನ ಕೊನೆಗೂ ಅವಳ ಜಾಗ ಬಿಟ್ಟೆ, ಬೇಕಂತಲೇ ಬಿಟ್ಟೆ. ಅಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಡುವೆ ಹೊಸೂರು ರೋಡಿನ ಬಸ್ಸೊಂದು ಹಾರನ್ ಹೊಡೆದಾಗ ಮಾತ್ರ ಆ ರೆಕಾರ್ಡಿಂಗ್ ಪುಣ್ಯಾತ್ಮ, “ಇರ್ಲಿ ಬಿಡಿ, ನ್ಯಾಚುರಲ್ಲಾಗಿದೆ” ಎಂದ. ಬಸ್ಸಿಗಿರುವ ಮರ್ಯಾದೆ ನನ್ನ ಹೆತ್ತವಳಿಗಿಲ್ಲ!

ಸಿ.ಡಿ. ಬಂದ ದಿನ ಮನೆಯಲ್ಲಿ ಹಾಕಿದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಹಾಡು ಮುಗಿಯುತ್ತಲೇ ಚಪ್ಪಾಳೆ, ಶಿಳ್ಳೆ, ಇಂಗ್ಲಿಷಿನಲ್ಲಿ ಏನೋ ಕೂಗು.

“ಇವ್ರೆಲ್ಲಾ ಯಾರೇ? ನಮ್ಮೋರು ಎಲ್ಲವ್ರೆ?” ಎಂದಳು.

ನಾನು ಸಿ.ಡಿ.ಯ ಹೊದಿಕೆಯನ್ನು ಮಗುಚಿಟ್ಟೆ. ಅಷ್ಟರಲ್ಲಿ ಮುಂದಿನ ಹಾಡು ಶುರುವಾಗಿ, ಅವಳ ಸಾಲಿಗೆ ಬಿಟ್ಟ ಜಾಗ ಬಂತು. ಅಮ್ಮನ ತುಟಿ ಅಲುಗಿತು. ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹಾಡಮ್ಮ, ಇದು ನಮ್ಮನೆ. ಯಾವನು ಬೈತಾನೋ ನಾನೂ ನೋಡ್ತೀನಿ.”

“ಸುಮ್ಕಿರೇ,” ಎಂದು ಪಿಸುಗುಟ್ಟಿದಳು, “ರೆಕಾರ್ಡು ಓಡ್ತಾ ಐತೆ.”

ಸಿಟ್ಟಿನಿಂದ ಪ್ಲೇಯರ್ ಆರಿಸಿದೆ. ಅದೇ ಸಾಲನ್ನು ನಾನೇ ಹಾಡಿ ನಿಲ್ಲಿಸಿದೆ. ಅಮ್ಮ ಬಾಗಿಲ ಕಡೆ ನೋಡಿದಳು. ಸೆರಗು ತೆಗೆಯಲಿಲ್ಲ.